ಕೊನೆಯ ಮೆಟ್ಟಿಲಿನ ವಾರಸುದಾರ

ಕುಕ್ಕರ್ ರಿಪೇರಿ ಮಾಡುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಮತದಾರರ ಗುರುತಿನ ಚೀಟಿಯಲ್ಲಿ ಸುಖವಾಗಿ ಮಲಗಿತ್ತು. ಅದನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಊರಿಗೆಲ್ಲ ಅವನು ಗ್ಯಾಸ್ಕೆಟ್. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು, ಹಾಗಾಗಿ ದಿನಕ್ಕೆ ಒಂದಲ್ಲ ಒಂದು ಸಲ ಕರೆಯುತ್ತಿದ್ದಳು.

ಇಸ್ತ್ರಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಒಬ್ಬ ಮನುಷ್ಯ ಮತ್ತು ಒಂದು ಸ್ಟವ್ ಹಿಡಿಸುವಷ್ಟು ಅಗಲದ ಮಳಿಗೆ ಅವನದು. ಗೋಡೆಯ ಮೊಳೆಗಳಲ್ಲಿ ಅಳತೆವಾರು ತೂಗುಹಾಕಿದ ರಬ್ಬರ್ ಬಳೆಗಳು, ಹಳೇ ಬಿಸ್ಕತ್ತಿನ ಡಬ್ಬದಲ್ಲಿ ವಿಷಲ್‌ಗಳು, ಕಪಾಟಿನಲ್ಲಿ ಮುಚ್ಚಳವಿಲ್ಲದ ಕುಕ್ಕರುಗಳು ಮತ್ತು ಕುಕ್ಕರಿಲ್ಲದ ಮುಚ್ಚಳಗಳು. ತಳ ಹತ್ತಿದ ಬೇಳೆಯ ವಾಸನೆ ಅಲ್ಲಿ ಖಾಯಂ ಬಾಡಿಗೆದಾರ. ರಿಪೇರಿಯಾದ ಕುಕ್ಕರಿಗೆ ನೀರು ಹಾಕಿ, ಒಲೆಯ ಮೇಲಿಟ್ಟು, ವಿಷಲ್ ಆಗುವವರೆಗೆ ಕಾದ ಮೇಲೇ ಕೈಗೆ ಕೊಡುವುದು ಅವನ ಕ್ರಮ. "ಮನೇಲಿ ನೋಡ್ಕೋತೀವಿ ಕೊಡಪ್ಪ, ಬಸ್ಸು ಹೋಗುತ್ತೆ" ಎಂದು ಗಿರಾಕಿಗಳು ಎಷ್ಟು ಬೇಡಿಕೊಂಡರೂ ಅವನು ಜಗ್ಗುತ್ತಿರಲಿಲ್ಲ. "ಆಗುತ್ತೆ ತಡೀರಿ, ಅದರ ಟೈಮಿಗೆ ಅದು ಆಗುತ್ತೆ" ಅನ್ನುತ್ತ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತುಬಿಡುತ್ತಿದ್ದ.

ಇಂಥವನು ಸಿಗಡಿ ಹಿಡಿಯುವ ಹುಚ್ಚಿಗೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯದ ಸಂಗತಿ ಬೇರೆ. ದಿನಾ ಸಂಜೆ ಅಂಗಡಿಯ ಶಟರ್ ಎಳೆದು, ಬಕೆಟ್ ಹಿಡಿದು ನದಿಗೆ ಹೋಗಿ ಅವನು ಕಾಯುತ್ತಿದ್ದದ್ದು ಸಿಗಡಿಗಾಗಿ ಅಲ್ಲ. ಒಬ್ಬ ಮುದುಕ ಯಾವಾಗ ಹೋಗುತ್ತಾನೆ ಅಂತ. ಅಯ್ಯೋ ಪಾಪಿ ಅಂತ ಈಗಲೇ ಶಾಪ ಹಾಕಬೇಡಿ. ಆ ಮುದುಕನನ್ನು ಇಷ್ಟು ದಿನ ಬದುಕಿಸಿದ್ದೂ ಇವನೇ.

ಸೇತುವೆ ಆಗುವ ಮೊದಲು ಅಲ್ಲೊಂದು ದೋಣಿಗಟ್ಟೆ ಇತ್ತು. ಸೇತುವೆ ಬಂತು, ದೋಣಿ ಹೋಯಿತು, ಕಡಿದಾದ ಕಲ್ಲಿನ ಮೆಟ್ಟಿಲು ಮಾತ್ರ ಉಳಿದವು. ಸಂಜೆಯಾದರೆ ಅಲ್ಲಿ ನಾಲ್ಕಾರು ಜನ ಬಂದು ಕೂರುತ್ತಿದ್ದರು. ಮೀನುಗಾರರಲ್ಲ, ಎಲ್ಲರಿಗೂ ಬೇರೆ ಬೇರೆ ಕಸುಬು, ಸಿಗಡಿ ಬರೀ ಖುಷಿಗೆ. ಇದಕ್ಕೆ ಗಾಳವೂ ಬೇಡ. ಒಂದು ಉದ್ದದ ದಾರ, ಅದರ ತುದಿಗೆ ಕೋಳಿಯ ಕರುಳೋ ಮೀನಿನ ತಲೆಯೋ, ಮುಳುಗಲಿಕ್ಕೆ ಒಂದು ನಟ್ಟು, ಆಮೇಲೆ ಹಿಡಿಕೆ ಇರುವ ಸಣ್ಣ ಬಲೆ. ಸಿಗಡಿ ಬಂದು ತುಣುಕನ್ನು ಅಪ್ಪಿಕೊಳ್ಳುತ್ತದೆ, ದಾರ ಬಿಗಿಯುತ್ತದೆ. ಆಗ ಉಸಿರು ಬಿಗಿಹಿಡಿದು ದಾರವನ್ನು ಅಂಗುಲ ಅಂಗುಲವಾಗಿ ಎಳೆಯಬೇಕು. ಆಸೆಬುರುಕ ಪ್ರಾಣಿ, ತಿನ್ನುವುದನ್ನು ಬಿಡಲಾರದೆ ಜೊತೆಗೇ ಬರುತ್ತದೆ. ದಡ ಹತ್ತಿರವಾದಾಗ ಬಲೆಯನ್ನು ಅದರ ಬೆನ್ನ ಹಿಂದೆ ಇಳಿಸಬೇಕು. ಹೆದರಿದ ಸಿಗಡಿ ಮುಂದಕ್ಕೆ ಓಡುವುದಿಲ್ಲ, ಬಾಲ ಮಡಿಚಿ ಹಿಂದಕ್ಕೇ ಚಿಮ್ಮುತ್ತದೆ, ನೇರ ಬಲೆಗೆ. ಹೊಸಬರು ಇದು ತಿಳಿಯದೆ ಎದುರಿನಿಂದ ಬಲೆ ಹಾಕಿ ಕೈಕೈ ಹಿಸುಕಿಕೊಳ್ಳುತ್ತಾರೆ.

"ಹಿಂದಕ್ಕೆ ಹೋಗ್ರೀ, ಹಿಂದಕ್ಕೆ ಹೋಗ್ರೀ ಅಂತ ಜೀವಮಾನ ಪೂರ್ತಿ ಗಂಟಲು ಹರ್ಕೊಂಡೆ, ಒಬ್ಬ ನನ್ಮಗನೂ ಹೋಗ್ಲಿಲ್ಲ. ಈ ಸಿಗಡಿ ನೋಡು, ಹೇಳದೇನೇ ಹೋಗುತ್ತೆ!" ಎಂದು ಕಂಡಕ್ಟರ್ ನಗುತ್ತಿದ್ದರು. ನಗು ಮುಗಿಯುವ ಮೊದಲೇ ಕೆಮ್ಮು ಶುರುವಾಗುತ್ತಿತ್ತು.

ಇವರೇ ಆ ಮುದುಕ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿ ಮಕ್ಕಳಿಲ್ಲ, ಟೀಚರ್ ಆಗಿರುವ ತಂಗಿ ಮಗಳ ಮನೆಯಲ್ಲಿ ಇರುತ್ತಿದ್ದರು. ದೋಣಿಗಟ್ಟೆಯ ಕೊನೆಯ ಮೆಟ್ಟಿಲು ಅವರದು. ಅವರದು ಅಂದರೆ ಕಾಗದಪತ್ರ ಏನಿಲ್ಲ. ಆದರೆ ಆ ಕಟ್ಟೆಗೊಂದು ಕಾನೂನಿತ್ತು. ಒಬ್ಬ ಕೂತ ಜಾಗದಲ್ಲಿ ಇನ್ನೊಬ್ಬ ಕೂರುವಂತಿಲ್ಲ, ಅವನು ಬರಲಿ ಬಿಡಲಿ. ಅವನಾಗಿಯೇ ಬಾಯಿಬಿಟ್ಟು ಯಾರಿಗಾದರೂ ಕೊಡಬೇಕು. ಹೇಳದೆ ಕೇಳದೆ ಸತ್ತರೆ, ಅವನಿಗೆ ಹತ್ತಿರ ಇದ್ದವನಿಗೆ ಹೋಗುತ್ತದೆ. ಪೊಲೀಸು, ಕೋರ್ಟು ಯಾವುದಕ್ಕೂ ಹೆದರದ ಜನ ಈ ಕಾನೂನಿಗೆ ಹೆದರುತ್ತಿದ್ದರು.

ಕೊನೆಯ ಮೆಟ್ಟಿಲು ಸಿಕ್ಕವನ ಪುಣ್ಯವೇ ಪುಣ್ಯ. ಗೋಡೆ ತಿರುಗುವ ಮೂಲೆ ಅದು. ನೀರು ಅಲ್ಲಿ ಓಟ ನಿಲ್ಲಿಸಿ ದಣಿವಾರಿಸಿಕೊಳ್ಳುತ್ತದೆ, ಕಲ್ಲಿನ ಸಂದಿಗಳಲ್ಲಿ ಸಿಗಡಿಗಳು ಸಂಸಾರ ಹೂಡಿರುತ್ತವೆ. ಕಂಡಕ್ಟರ್ ಕೆಮ್ಮುತ್ತ, ಮಾತಾಡುತ್ತ, ಅರ್ಧ ನಿದ್ದೆ ಮಾಡುತ್ತಲೇ ಬಕೆಟ್ ತುಂಬಿಸಿಕೊಂಡು ಹೋಗುತ್ತಿದ್ದರು. ನಮ್ಮ ಗ್ಯಾಸ್ಕೆಟ್‌ನ ಜಾಗ ಯಾವುದು ಅಂದರೆ, ಮೆಟ್ಟಿಲು ಬಿಟ್ಟು ಆಚೆ, ರಸ್ತೆ ಸಮಕ್ಕೇ ಇರುವ ಬಯಲು ದಡದಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲು. ನೀರು ಮೊಣಕಾಲುದ್ದ, ಸೋಪಿನ ನೊರೆ ಬೇರೆ. ಅಲ್ಲಿಗೆ ಬರುವ ಸಿಗಡಿ ಒಂದೋ ದಾರಿ ತಪ್ಪಿದ್ದು, ಇಲ್ಲವೇ ಜೀವನದಲ್ಲಿ ಜಿಗುಪ್ಸೆ ಬಂದದ್ದು. ಅವನ ಹೆಂಡತಿಯ ತಂಗಿ ಮನೆಗೆ ಬಂದಾಗಲೆಲ್ಲ ಬಕೆಟ್ಟಿಗೆ ಇಣುಕಿ, "ಭಾವ, ಇದು ಹಿಡಿದಿದ್ದಾ, ಇಲ್ಲಾ ಸಾಕಿದ್ದಾ?" ಎಂದು ಕೇಳುತ್ತಿದ್ದಳು.

ಆದರೆ ಅವನಿಗೆ ಬೇಕಾಗಿದ್ದದ್ದು ಬಕೆಟ್ ತುಂಬ ಸಿಗಡಿ ಅಂತ ತಿಳಿದರೆ ಅದು ಅರ್ಧ ಸತ್ಯ. ಗ್ಯಾಸ್ಕೆಟ್ ಮನೆ ಅಳಿಯ. ಮದುವೆಯಾದಾಗಿನಿಂದ ಹೆಂಡತಿಯ ತವರುಮನೆಯಲ್ಲೇ ವಾಸ. ಕಿಟಕಿ ಪಕ್ಕ ಒಂದು ಒಳ್ಳೆಯ ಬೆತ್ತದ ಕುರ್ಚಿ ಇತ್ತು. ಮಾವ ತೀರಿಕೊಂಡು ಎಷ್ಟೋ ಕಾಲವಾದರೂ ಅದು 'ಅಪ್ಪನ ಕುರ್ಚಿ'. ಅವನು ಮಲಗುತ್ತಿದ್ದದ್ದು 'ಅಜ್ಜಿ ರೂಮಿ'ನಲ್ಲಿ, ಚಪ್ಪಲಿ ಬಿಡುತ್ತಿದ್ದದ್ದು 'ತಮ್ಮನ ಗೂಡಿ'ನಲ್ಲಿ. ಅಂಗಡಿಯನ್ನು ಜನ 'ಜೆರಾಕ್ಸ್ ಪಕ್ಕದ ಸಂದಿ' ಅನ್ನುತ್ತಿದ್ದರು, ನದಿಯ ಕಲ್ಲಂತೂ ಬಟ್ಟೆ ಒಗೆಯುವವರದು. ಭೂಮಿಯ ಮೇಲೆ ಎಲ್ಲಿಯಾದರೂ ಒಂದು ಕಡೆ, ಚಾಪೆ ಹಾಸುವಷ್ಟೇ ಆಗಲಿ, 'ಅದು ಗ್ಯಾಸ್ಕೆಟ್‌ದು ಕಣಯ್ಯ, ಅಲ್ಲಿ ಕೂರಬೇಡ' ಅಂತ ಯಾರಾದರೂ ಇನ್ನೊಬ್ಬರಿಗೆ ಹೇಳಬೇಕು. ಇದು ಅವನ ಆಸೆ. ಆ ಮಾತನ್ನು ಅವನು ಮನಸ್ಸಿನಲ್ಲೇ ಎಷ್ಟೋ ದನಿಗಳಲ್ಲಿ ಹೇಳಿಸಿ ಕೇಳಿಸಿಕೊಂಡಿದ್ದ.

ಮೊದಲ ಸಲ ಕಂಡಕ್ಟರ್ ಕೆಮ್ಮಿದ್ದನ್ನು ಕೇಳಿದಾಗಲೇ ಅವನು ಲೆಕ್ಕ ಹಾಕಿಬಿಟ್ಟಿದ್ದ. ಈ ಕೆಮ್ಮಿನ ಗಿರಾಕಿ ಇನ್ನೊಂದು ಚಳಿಗಾಲ ದಾಟಿದರೆ ಹೆಚ್ಚು. ಅಷ್ಟರೊಳಗೆ ಅವರಿಗೆ ಹತ್ತಿರವಾಗಬೇಕು. ಹತ್ತಿರ ಅಂದರೆ ಸುಮ್ಮನೆಯೇ? ತನ್ನ ದಾರವನ್ನು ಒಗೆಯುವ ಕಲ್ಲಿಗೆ ಕಟ್ಟಿ, ತಾನು ಬಂದು ಕಂಡಕ್ಟರ್ ಮೇಲಿನ ಮೆಟ್ಟಿಲಲ್ಲಿ ಕೂರತೊಡಗಿದ. ಅವರ ಬಕೆಟ್ ಹೊತ್ತ. ಫ್ಲಾಸ್ಕಿನಲ್ಲಿ ಟೀ ತಂದ. ಚಳಿ ಬಂತು, ಮಫ್ಲರ್ ಕೊಡಿಸಿದ. ಚಳಿಗಾಲ ದಾಟಿತು. ಕಂಡಕ್ಟರ್ ಕೂಡ ದಾಟಿದರು.

ಮರುವರ್ಷ ಕೆಮ್ಮು ಜೋರಾಯಿತು. ಈಗ ಆಯಿತು ಅಂದುಕೊಂಡ ಗ್ಯಾಸ್ಕೆಟ್. ಆದರೆ ಎದುರಿಗೇ ಒಬ್ಬ ಮನುಷ್ಯ ಗೊರಗೊರ ಅನ್ನುತ್ತಿರುವಾಗ ಸುಮ್ಮನೆ ಕೂರಲಿಕ್ಕಾಗುತ್ತದೆಯೇ? ಡಾಕ್ಟರ ಬಳಿ ಕರೆದುಕೊಂಡು ಹೋದ. ಬೀಡಿ ಬಿಡಿಸಲು ಜಗಳವಾಡಿದ, ಬಿಡಿಸಿಯೂ ಬಿಟ್ಟ. ಮಾತ್ರೆ ನುಂಗಿದರೋ ಇಲ್ಲವೋ ಅಂತ ನಾಲಿಗೆ ಎತ್ತಿಸಿ ನೋಡಿದ. ಕೆಮ್ಮು ಅರ್ಧ ಇಳಿಯಿತು, ಕಂಡಕ್ಟರ್ ಕೆನ್ನೆ ತುಂಬಿಕೊಂಡರು. ಮೆಟ್ಟಿಲು ಪಾಚಿಗಟ್ಟಿ ಅವರು ಒಮ್ಮೆ ಜಾರಿದಾಗ, ಇವನು ಮಾರನೇ ದಿನವೇ ಡ್ರಿಲ್ ಮೆಷಿನ್ ತಂದು ಗೋಡೆಗೆ ಉದ್ದಕ್ಕೂ ಕಬ್ಬಿಣದ ಪೈಪು ಕೂರಿಸಿ ಕೈಯಾಸರೆ ಮಾಡಿಕೊಟ್ಟ. ಅವರ ಊರುಗೋಲಿನ ತುದಿಗೆ ಕುಕ್ಕರಿನ ರಬ್ಬರ್ ಕತ್ತರಿಸಿ ಕಾಲುಚೀಲ ತೊಡಿಸಿದ.

ಕಂಡಕ್ಟರ್‌ಗೆಂದು ಅವನು ದಿನಾ ಒಯ್ಯುತ್ತಿದ್ದ ಸೂಪಿನ ಡಬ್ಬ ತುಂಬಿಸುತ್ತ ಹೆಂಡತಿ ಒಂದು ದಿನ ಹೇಳಿದಳು:

"ಅಲ್ಲಾ ರೀ, ಆ ಮುದುಕ ಹೋಗ್ಲಿ ಅಂತ ಈ ಊರಲ್ಲಿ ಕಾಯ್ತಿರೋರು ನೀವೊಬ್ರೇ. ಹೋಗದೇ ಇರೋ ಹಾಗೆ ನೋಡ್ಕೋತಿರೋರೂ ನೀವೊಬ್ರೇ. ಎರಡರಲ್ಲಿ ಒಂದು ಕೆಲಸ ಬಿಡಬಾರ್ದಾ?"

"ನಿಂಗೆ ಅರ್ಥ ಆಗಲ್ಲ ಕಣೇ. ಹತ್ತಿರ ಇರ್ಬೇಕು ಅಂದ್ರೆ ಇದೆಲ್ಲ ಮಾಡ್ಲೇಬೇಕು."

"ಅರ್ಥ ಆಗ್ದೇ ಏನು? ಅವರು ನೂರು ವರ್ಷ ಬದುಕ್ತಾರೆ, ನೀವು ಸೂಪು ಹೊತ್ತೇ ಸಾಯ್ತೀರಿ," ಎಂದು ಅವಳು ಡಬ್ಬದ ಮುಚ್ಚಳ ಒತ್ತಿದಳು. ಆದರೆ ಸೂಪಿಗೆ ಮೆಣಸು ಮಾತ್ರ ಹದವಾಗಿಯೇ ಹಾಕಿರುತ್ತಿದ್ದಳು, ಮುದುಕನ ಗಂಟಲಿಗೆ ಒಳ್ಳೆಯದು ಅಂತ.

ಪೈಪೋಟಿಗೆ ಒಬ್ಬ ಇದ್ದ: ಬ್ಯಾಂಡ್ ಮಾಸ್ಟರ್. ಸಮಾರಂಭಗಳಲ್ಲಿ ಕ್ಲಾರಿನೆಟ್ ಊದುವವನು. ದಿನವಿಡೀ ಊದಿದ್ದಕ್ಕೋ ಏನೋ, ಕಟ್ಟೆಗೆ ಬಂದರೆ ತುಟಿ ಬಿಚ್ಚುತ್ತಿರಲಿಲ್ಲ. ನಡುವಿನ ಮೆಟ್ಟಿಲ ಅಂಚಿನಲ್ಲಿ ಕೂತು ದಾರ ಬಿಟ್ಟರೆ ಮುಗಿಯಿತು, ಕಲ್ಲಿಗೂ ಅವನಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕಂಡಕ್ಟರ್‌ಗೆ ಒಂದು ಲೋಟ ಟೀ ಕೊಟ್ಟವನಲ್ಲ, ಹೇಗಿದ್ದೀರಿ ಅಂದವನಲ್ಲ. ಇವನಿಂದ ಯಾವ ಅಪಾಯವೂ ಇಲ್ಲ ಅಂತ ಗ್ಯಾಸ್ಕೆಟ್ ಎಂದೋ ತೀರ್ಮಾನ ಮಾಡಿಬಿಟ್ಟಿದ್ದ.

ಕೊನೆಗೂ ಕಂಡಕ್ಟರ್ ಬಿದ್ದದ್ದು ನದಿಯಲ್ಲೂ ಅಲ್ಲ, ಮೆಟ್ಟಿಲ ಮೇಲೂ ಅಲ್ಲ. ಮನೆಯಲ್ಲಿ ಸ್ಟೂಲ್ ಹತ್ತಿ ಬಲ್ಬು ಬದಲಾಯಿಸಲು ಹೋಗಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಸುದ್ದಿ ತಂದವಳು ಅವರ ತಂಗಿ ಮಗಳು. ಗ್ಯಾಸ್ಕೆಟ್ ಒಲೆಯ ಮೇಲಿದ್ದ ಕುಕ್ಕರನ್ನು ವಿಷಲ್ ಆಗುವ ಮೊದಲೇ ಇಳಿಸಿ ಗಿರಾಕಿಯ ಕೈಗೆ ಕೊಟ್ಟು ಓಡಿದ. ಹಾಗೆ ಅವನು ಯಾವತ್ತೂ ಮಾಡಿದವನಲ್ಲ. ಗಿರಾಕಿಯೇ ಗಾಬರಿಯಾಗಿ, "ಏನಪ್ಪಾ, ನಿಮ್ಮ ತಂದೆಯವರಾ?" ಎಂದು ಕೇಳಿದಳಂತೆ. ಅದು ಅವನ ಕಿವಿಗೆ ಬೀಳಲಿಲ್ಲ.

ಆಪರೇಷನ್ ಆಯಿತು. ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ, ಫಿನಾಯಿಲ್ ವಾಸನೆಯ ನಡುವೆ, ತಂಗಿ ಮಗಳು ಕಣ್ಣೊರೆಸಿಕೊಂಡು ಹೇಳಿದಳು: "ಮಾವ ಬದುಕಿಕೊಂಡ್ರು ಅಣ್ಣ. ಆದ್ರೆ ಇನ್ನು ಮೆಟ್ಟಿಲು ಹತ್ತೋದು ಇಳಿಯೋದು ಯಾವತ್ತಿಗೂ ಇಲ್ವಂತೆ. ಸಮ ಜಾಗದಲ್ಲಿ ವಾಕರ್ ಹಿಡ್ಕೊಂಡು ನಡೀಬಹುದು, ಅಷ್ಟೇ. ಮನೇಲೂ ಕೆಳಗಿನ ರೂಮಿಗೇ ಮಂಚ ಹಾಕಿಸ್ತಿದ್ದೀನಿ. ಡಾಕ್ಟರು ಅವರ ಎದುರಿಗೇ ಹೇಳಿದ್ರು."

ಗ್ಯಾಸ್ಕೆಟ್ ಅಯ್ಯೋ ಅಂದ. ಅದರ ಬೆನ್ನಿಗೇ ಒಳಗಿನಿಂದ ಒಂದು ಯೋಚನೆ ಎದ್ದು ಕೂತಿತು: ಹಾಗಾದರೆ ಕೊನೆಯ ಮೆಟ್ಟಿಲು ಖಾಲಿ. ಮುದುಕ ಸಾಯುವುದೂ ಬೇಕಿಲ್ಲ, ಪಾಪವೂ ಇಲ್ಲ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷಕ್ಕೆ ತಾನೇ ಹೇಸಿ ತಲೆ ತಗ್ಗಿಸಿದ. ತಂಗಿ ಮಗಳು ಅವನು ಅಳುತ್ತಿದ್ದಾನೆ ಅಂದುಕೊಂಡು, "ಸಮಾಧಾನ ಮಾಡ್ಕೊಳ್ಳಿ ಅಣ್ಣ" ಎಂದು ಬೆನ್ನು ಸವರಿದಳು.

ವಾರ್ಡಿನೊಳಗೆ ಕಂಡಕ್ಟರ್ ಕಾಲಿಗೆ ದಿಂಬು ಕೊಟ್ಟುಕೊಂಡು ಮಲಗಿದ್ದರು. ಅಲ್ಲಿ ಬ್ಯಾಂಡ್ ಮಾಸ್ಟರ್ ಕೂಡ ಇದ್ದ. ಬರೀ ಕೈಯಲ್ಲಿ ಬಂದು, ಗೋಡೆಗೆ ಒರಗಿ, ಕಲ್ಲಿನ ಹಾಗೇ ನಿಂತಿದ್ದ. ಗ್ಯಾಸ್ಕೆಟ್ ಅವನತ್ತ ನೋಡುವ ಗೋಜಿಗೂ ಹೋಗದೆ ಮಂಚದ ಅಂಚಿನಲ್ಲಿ ಕೂತು, ಡಬ್ಬ ಬಿಚ್ಚಿ ಸೂಪು ಕುಡಿಸಿದ.

ಸೂಪು ಮುಗಿಸಿ ಕಂಡಕ್ಟರ್ ತುಟಿ ಒರೆಸಿಕೊಂಡರು. ಚಾವಣಿ ನೋಡುತ್ತ ಹೇಳಿದರು:

"ಗ್ಯಾಸ್ಕೆಟ್ಟು, ನಂಗೆ ಇನ್ನು ಕೆಳಗೆ ಇಳಿಯೋಕಾಗಲ್ಲ. ಆ ಮೆಟ್ಟಿಲು ನೀನು ಇಟ್ಕೊಳಯ್ಯ."

ನೋಡಿ, ಬಂದೇಬಿಟ್ಟಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ತಾನಾಗಿ ಎದುರಿಗೆ ಬಂದು ನಿಂತಿತು. ಹೂಂ ಅಂದರೆ ಸಾಕಿತ್ತು.

ಆದರೆ ನಮ್ಮ ಗ್ಯಾಸ್ಕೆಟ್ ಮರ್ಯಾದಸ್ಥ. ಮೊದಲ ಸಲ ಕೇಳಿದಾಗ ಬೇಡ ಅನ್ನಬೇಕು, ಎರಡನೇ ಸಲ ಕೇಳಿದಾಗ ಸಂಕೋಚಪಡಬೇಕು, ಆಮೇಲೆ 'ನೀವು ಇಷ್ಟು ಹೇಳ್ತೀರಿ ಅಂದ ಮೇಲೆ' ಎಂದು ಒಪ್ಪಿಕೊಳ್ಳಬೇಕು. ಹೀಗೇ ಬೆಳೆದವನು ಅವನು. ಊಟಕ್ಕೆ ಕರೆದರೂ ಅಷ್ಟೆ, ಕುರ್ಚಿ ಕೊಟ್ಟರೂ ಅಷ್ಟೆ. ಮಾವನಾಗುವವರು 'ನಮ್ಮ ಹುಡುಗಿ ಒಪ್ಪಿಗೆಯೇನಪ್ಪ?' ಎಂದು ಕೇಳಿದಾಗಲೂ 'ಅಯ್ಯೋ, ಪರವಾಗಿಲ್ಲ ಬೇಡಿ' ಅಂದಿದ್ದ; ಅವರು ದೊಡ್ಡ ಮನಸ್ಸು ಮಾಡಿ ಮತ್ತೊಮ್ಮೆ ಕೇಳಿದ್ದಕ್ಕೆ ಮದುವೆಯಾಯಿತು. ಅದನ್ನು ಹೆಂಡತಿ ಇಂದಿಗೂ ಮರೆತಿಲ್ಲ, ಮರೆಯಲು ಬಿಟ್ಟೂ ಇಲ್ಲ.

"ಛೆ ಛೆ, ಏನ್ ಮಾತು ಅಂತ ಆಡ್ತೀರಿ ಕಂಡಕ್ಟ್ರೇ!" ಎಂದು ಅವನು ಎರಡೂ ಕೈ ಆಡಿಸಿದ. "ನಿಮ್ಮ ಜಾಗದಲ್ಲಿ ನಾನು ಕೂರೋದಾ? ಖಂಡಿತ ಬೇಡ. ನಂಗೆ ನನ್ನ ಒಗೆಯೋ ಕಲ್ಲೇ ಸಾಕು. ಅದು ಬಿಟ್ಟು ಇನ್ನೆಲ್ಲೂ ಕೂರಲ್ಲ ನಾನು."

ಕೊನೆಯ ಮಾತು ಸ್ವಲ್ಪ ಹೆಚ್ಚಾಯಿತೇನೋ ಅಂತ ಅವನಿಗೇ ಅನ್ನಿಸಿತು. ಪರವಾಗಿಲ್ಲ, ಎರಡನೇ ಸಲ ಕೇಳಿದಾಗ ಸರಿಮಾಡಿಕೊಂಡರಾಯಿತು. ತಲೆ ತಗ್ಗಿಸಿ, ಸಂಕೋಚದ ಮುಖ ಮಾಡಿಕೊಂಡು ಕಾದ.

ಕಂಡಕ್ಟರ್ ಅವನನ್ನು ಒಂದು ಗಳಿಗೆ ನೋಡಿದರು. "ಸರಿ ಬಿಡು ಹಾಗಾದ್ರೆ," ಅಂದರು. ಕತ್ತು ಹೊರಳಿಸಿ ಗೋಡೆಯ ಕಡೆ ನೋಡಿದರು. "ಮಾಸ್ಟ್ರೇ, ನೀನು ಇಟ್ಕೋತೀಯಾ?"

"ಹೂಂ," ಅಂದ ಬ್ಯಾಂಡ್ ಮಾಸ್ಟರ್.

"ಇಟ್ಕೋ."

ಅಷ್ಟೇ. ಅಷ್ಟು ವರ್ಷದ ಟೀ, ಮಫ್ಲರ್, ಸೂಪು, ಪೈಪು, ನಾಲಿಗೆ ಎತ್ತಿಸಿ ನೋಡಿದ್ದು, ಎಲ್ಲವೂ ಒಂದು ಹೂಂ ಎದುರಿಗೆ ಮಣ್ಣುಪಾಲು. ಗ್ಯಾಸ್ಕೆಟ್ ಏನಂತ ಹೇಳುವುದು? 'ನಾನು ಬೇಡ ಅಂದದ್ದು ಬೇಡ ಅಂತಲ್ಲ' ಅನ್ನುವುದೇ? ಖಾಲಿ ಡಬ್ಬದ ಮುಚ್ಚಳ ಹಾಕಿಕೊಂಡು ಎದ್ದು ಬಂದ. ಮೂರು ಸಲ ಹಾಕಿದರೂ ಮುಚ್ಚಳ ಸರಿಯಾಗಿ ಕೂರಲಿಲ್ಲ, ಮುಚ್ಚಳ ಕೂರಿಸುವುದೇ ಕಸುಬಾದವನಿಗೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋಗಿ ನಕ್ಕು ಬಂದಳು.

"ಬೇಕು ಅನ್ನೋಕೆ ಏನು ಧಾಡಿ ನಿಮಗೆ?"

"ಮರ್ಯಾದೆ ಅಂತ ಒಂದಿರಲ್ವೇನೇ? ಅವರು ಇನ್ನೊಂದ್ಸಲ ಕೇಳ್ಬೇಕಿತ್ತು. ಯಾರೇ ಆಗ್ಲಿ ಇನ್ನೊಂದ್ಸಲ ಕೇಳ್ತಾರೆ! ನಿಮ್ಮಪ್ಪ ಕೇಳ್ಲಿಲ್ವಾ?"

"ನಮ್ಮಪ್ಪ ಕೇಳಿ ಏನು ಸುಖಪಟ್ರು?" ಅಂದಳು ಅವಳು. ಆಮೇಲೆ, ಗಂಡನ ಮುಖ ನಿಜಕ್ಕೂ ಬಾಡಿದ್ದನ್ನು ಕಂಡು ಪಕ್ಕದಲ್ಲಿ ಕೂತಳು. "ಹೋಗ್ಲಿ ಬಿಡ್ರೀ. ನಾಳೆ ಸೂಪು ಮಾಡ್ಲಾ ಬೇಡ್ವಾ?"

"ಬೇಡ."

"ಇಷ್ಟು ದಿನ ಹೋಗ್ತಿದ್ದಿದ್ದು ಮೆಟ್ಟಿಲಿಗೋಸ್ಕರಾನೇ ಹಾಗಾದ್ರೆ?"

ಅವನು ಎದ್ದು ಹೋಗಿ ಮಲಗಿದ.

ಆಮೇಲೆ ಅವನು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಸಂಜೆ ನದಿಗೆ ಮಾತ್ರ ಹೋದ, ರೂಢಿ ಬಿಡುವುದಿಲ್ಲವಲ್ಲ. ಕೊನೆಯ ಮೆಟ್ಟಿಲಿನಲ್ಲಿ ಬ್ಯಾಂಡ್ ಮಾಸ್ಟರ್ ವಿರಾಜಮಾನನಾಗಿದ್ದ. ಬಕೆಟ್ಟಿನಲ್ಲಿ ಸಿಗಡಿಗಳು ಪಟಪಟ ಹೊರಳುವ ಸದ್ದು ಒಗೆಯುವ ಕಲ್ಲಿನವರೆಗೂ ಕೇಳಿಸುತ್ತಿತ್ತು. ಎದ್ದು ಹೋಗುವಾಗ ಆತ ಗೋಡೆಯ ಪೈಪು ಹಿಡಿದು ಮೇಲೆ ಬಂದ. ಗ್ಯಾಸ್ಕೆಟ್‌ನ ಎದುರು ನಿಂತ. ಬಹುಶಃ ಆ ವರ್ಷದ ತನ್ನ ಮೊದಲ ಪೂರ್ತಿ ವಾಕ್ಯವನ್ನು ಆಡಿದ: "ಪೈಪು ಯಾರು ಹಾಕಿಸಿದ್ರೋ, ಭಾರೀ ಅನುಕೂಲ ಆಗಿದೆ."

ಆ ರಾತ್ರಿ ಗ್ಯಾಸ್ಕೆಟ್‌ಗೆ ಊಟ ಸೇರಲಿಲ್ಲ.

ಕೆಲವು ದಿನ ಕಳೆದು ಕಂಡಕ್ಟರ್ ಅವರ ತಂಗಿ ಮಗಳು ಅಂಗಡಿಗೆ ಬಂದಳು. ಕೈಯಲ್ಲಿ ಕುಕ್ಕರ್ ಇತ್ತು, ಆದರೆ ಅದಕ್ಕೇನೂ ಆಗಿರಲಿಲ್ಲ. ಹೊಸ ರಬ್ಬರ್, ಹೊಸ ವಿಷಲ್, ಅವನೇ ಹಾಕಿಕೊಟ್ಟದ್ದು. "ಮಾವನ್ನ ಮನೆಗೆ ಕರ್ಕೊಂಡು ಬಂದೆ. ಬಾಗಿಲ ಕಡೆನೇ ನೋಡ್ತಿರ್ತಾರೆ. ಏನಾದ್ರೂ ಅಂದ್ರಾ ಅಣ್ಣ ನಿಮಗೆ? ಅವರ ಬಾಯಿ ಸರಿ ಇಲ್ಲ, ಮನಸ್ಸಿಗೆ ಹಚ್ಕೋಬೇಡಿ."

"ಏನೂ ಅಂದಿಲ್ಲಮ್ಮ. ಕೆಲಸ ಜಾಸ್ತಿ," ಅಂದ ಗ್ಯಾಸ್ಕೆಟ್. ಅಂಗಡಿಯಲ್ಲಿ ಅವನೂ, ಅವಳು ತಂದ ಸರಿ ಇರುವ ಕುಕ್ಕರೂ ಬಿಟ್ಟರೆ ಇನ್ನೇನೂ ಕೆಲಸ ಕಾಣುತ್ತಿರಲಿಲ್ಲ. ಅವಳು ಅದನ್ನು ನೋಡಿದಳು, ಕುಕ್ಕರ್ ಎತ್ತಿಕೊಂಡು ಹೋದಳು.

ಅವನಿಗೆ ಕೋಪ ಇಳಿದಿರಲಿಲ್ಲ. ಆದರೆ ಕೋಪದ ಜೊತೆಗೆ ಇನ್ನೊಂದು ಏನೋ ಸೇರಿಕೊಂಡು ಹಿಂಸೆ ಕೊಡುತ್ತಿತ್ತು. ಸಂಜೆ ಕಲ್ಲಿನ ಮೇಲೆ ಕೂತಾಗ ಕಿವಿ ತಾನಾಗಿಯೇ ಕೆಮ್ಮನ್ನು ಹುಡುಕುತ್ತಿತ್ತು. ಮಾತ್ರೆ ನುಂಗಿದರೋ, ಬಾಯಲ್ಲೇ ಇಟ್ಟುಕೊಂಡು ಆಮೇಲೆ ಉಗಿದರೋ, ಯಾರು ನೋಡುತ್ತಾರೆ? ಆ ಟೀಚರಮ್ಮ ಶಾಲೆಗೆ ಹೋದ ಮೇಲೆ ಬೀಡಿ ತರಿಸಿಕೊಂಡರೆ? ಥೂ, ನನಗೇನು ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದ. ಬೈದುಕೊಂಡಷ್ಟೂ ಅದೇ ಯೋಚನೆ. ಮೆಟ್ಟಿಲು ಹೋದದ್ದಕ್ಕಿಂತ ಮುದುಕನಿಲ್ಲದ ಸಂಜೆಗಳು ಅವನನ್ನು ಹೆಚ್ಚು ಕಾಡಿದವು, ಅದನ್ನು ಒಪ್ಪಿಕೊಳ್ಳಲು ಅವನು ಸಿದ್ಧನಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ದಡದ ರಸ್ತೆಯಲ್ಲಿ ಆಟೋ ನಿಂತಿತು. ಮೊದಲು ವಾಕರ್ ಇಳಿಯಿತು, ಆಮೇಲೆ ಬಕೆಟ್ ಇಳಿಯಿತು, ಕೊನೆಗೆ ಬೈಯುತ್ತ ಬೈಯುತ್ತ ಕಂಡಕ್ಟರ್ ಇಳಿದರು. ಮೆಟ್ಟಿಲ ಮೇಲಿದ್ದವರೆಲ್ಲ ಎದ್ದು ನಿಂತರು. ಬ್ಯಾಂಡ್ ಮಾಸ್ಟರ್ ಕೂಡ ಕೊನೆಯ ಮೆಟ್ಟಿಲು ಬಿಟ್ಟು ಮೇಲೆ ಬಂದು, ಅದರ ಕಡೆ ಕೈ ತೋರಿಸಿದ. ಕಂಡಕ್ಟರ್ ಬೇಡ ಅಂತ ಕೈ ಅಲ್ಲಾಡಿಸಿದರು. ವಾಕರನ್ನು ಟಕ್ ಟಕ್ ಊರುತ್ತ, ಸಮತಟ್ಟಾದ ದಡದ ಮೇಲೆ ಅಲ್ಲಲ್ಲಿ ನಿಂತು ಉಸಿರೆಳೆದುಕೊಳ್ಳುತ್ತ, ನೇರವಾಗಿ ಒಗೆಯುವ ಕಲ್ಲಿಗೆ ಬಂದರು.

ಗ್ಯಾಸ್ಕೆಟ್ ಎದ್ದು ಹೋಗಿ ಕೈ ಕೊಡಬೇಕು ಅಂದುಕೊಂಡ, ಕೊಡಬಾರದು ಅಂದುಕೊಂಡ. ಅಷ್ಟರಲ್ಲಿ ಕೈ ಹೋಗಿ ಅವರ ರಟ್ಟೆ ಹಿಡಿದು ಕೂರಿಸಿಯೂ ಆಗಿತ್ತು. ಕಂಡಕ್ಟರ್ ಕಲ್ಲಿನ ನುಣುಪಾದ ಭಾಗ ಯಾವುದು ಅಂತ ಸವರಿ ನೋಡಿ, ಅದರ ಮೇಲೇ ಕೂತರು. ಇವನಿಗೆ ಮೊನಚಾದ ಅಂಚು ಉಳಿಯಿತು. ದಾರ ಬಿಟ್ಟರು. ಇಬ್ಬರೂ ನೀರು ನೋಡುತ್ತ ಕೂತರು. ಸೋಪಿನ ನೊರೆ ತೇಲಿ ಹೋಯಿತು.

"ಇಲ್ಲಿ ಏನೂ ಸಿಗಲ್ಲ ಕಂಡಕ್ಟ್ರೇ," ಅಂದ ಗ್ಯಾಸ್ಕೆಟ್, ಮುಖ ತಿರುಗಿಸಿಯೇ.

"ಗೊತ್ತು."

"ಮಾತ್ರೆ?"

"ನುಂಗ್ತಿದ್ದೀನಿ."

"ಬೀಡಿ?"

"ಒಂದೇ ಒಂದು. ನೀನು ಬರದೇ ಇದ್ದ ದಿನ."

ಗ್ಯಾಸ್ಕೆಟ್‌ನ ಒಳಗೆ ಇಷ್ಟು ದಿನ ಕಟ್ಟಿಕೊಂಡಿದ್ದ ಆವಿಯೆಲ್ಲ ಒಮ್ಮೆಗೇ ನುಗ್ಗಿ ಬಂತು. "ಬರದೇ ಇದ್ದ ದಿನ ಅಂತೆ! ಯಾಕ್ರೀ ಬರ್ಬೇಕು ನಾನು? ಎಷ್ಟು ವರ್ಷದಿಂದ ಆ ಮೆಟ್ಟಿಲಿಗೆ ಆಸೆಪಟ್ಟಿದ್ದೆ ನಿಮಗೆ ಗೊತ್ತಾ? ಯಾರಾದ್ರೂ ಒಂದ್ಸಲ ಕೇಳಿ ಬಿಟ್ಬಿಡ್ತಾರಾ? ದಾರೀಲಿ ಹೋಗೋ ಭಿಕ್ಷುಕನಿಗೂ ಇನ್ನೊಂದ್ಸಲ ಕೇಳ್ತಾರೆ, ಇನ್ನೂ ಸ್ವಲ್ಪ ಬೇಕಾ ಅಂತ. ಇನ್ನೊಂದೇ ಒಂದು ಸಲ ಕೇಳಿದ್ರೆ ನಿಮ್ಮ ಗಂಟು ಏನು ಹೋಗ್ತಿತ್ತು?"

ಮೆಟ್ಟಿಲ ಮೇಲಿದ್ದವರೆಲ್ಲ ಇತ್ತ ತಿರುಗಿ ನೋ‌ಡಿದರು. ಕಂಡಕ್ಟರ್ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

"ಇನ್ನೊಂದ್ಸಲ ಕೇಳಿದ್ರೆ ಏನಂತಿದ್ದೆ?"

"ಹೂಂ ಅಂತಿದ್ದೆ!"

"ಅದಕ್ಕೇ ಕೇಳ್ಲಿಲ್ಲ," ಅಂದರು ಮುದುಕ.

ಗ್ಯಾಸ್ಕೆಟ್‌ಗೆ ಮೊದಲು ಅರ್ಥವಾಗಲಿಲ್ಲ.

"ಒಂದ್ಸಲನಾದ್ರೂ ಕೇಳ್ಬೇಕಿತ್ತಪ್ಪ, ಅಷ್ಟು ಮಾಡಿದ್ದೀಯ ನಂಗೆ. ನೀನು ಯಾಕೆ ಮಾಡ್ತಿದ್ದೆ ಅನ್ನೋದೂ ಗೊತ್ತಿತ್ತು, ನಾನೇನು ಕುರುಡನಾ? ಕೇಳಿದೆ. ಒಳಗೊಳಗೇ ಬೇಡ ಅನ್ಲಪ್ಪ, ಬೇಡ ಅನ್ಲಪ್ಪ ಅಂತಿದ್ದೆ. ನೀನು ಅಂದೇಬಿಟ್ಟೆ." ಅವರು ಒಗೆಯುವ ಕಲ್ಲನ್ನು ಅಂಗೈಯಲ್ಲಿ ತಟ್ಟಿದರು. "ಮೆಟ್ಟಿಲು ಇಳಿಯೋ ಹಾಗಿಲ್ಲ ಅಂತ ಡಾಕ್ಟರು ಆಗ್ಲೇ ಹೇಳಿದ್ರು. ನಾನು ಇನ್ಮೇಲೆ ಬಂದ್ರೆ ಇಲ್ಲಿಗೇ ಬರ್ಬೇಕು, ಸಮ ಜಾಗ ಇರೋದು ಇದೊಂದೇ. ನೀನು ಹೂಂ ಅಂದಿದ್ರೆ ಅಲ್ಲಿ ಕೆಳಗೆ ಹೋಗಿ ಕೂರ್ತಿದ್ದೆ. ನಾನು ಇಲ್ಲಿ ಯಾರ ಪಕ್ಕ ಕೂರ್ಲಯ್ಯಾ?"

ಗ್ಯಾಸ್ಕೆಟ್‌ಗೆ ಎಂಥ ಸಿಟ್ಟು ಬಂತೆಂದರೆ, ಬಕೆಟ್ಟನ್ನೂ ಮುದುಕನನ್ನೂ ಒಟ್ಟಿಗೇ ನೀರಿಗೆ ನೂಕಿಬಿಡಬೇಕು ಅನ್ನಿಸಿತು. ಮೋಸ ಮಾಡಿದಿರಿ ಅಂತ ಕೂಗಬೇಕೆಂದು ಬಾಯಿ ತೆರೆದ. ಕಣ್ಣು ತುಂಬಿ ಬಂದು ಎದುರಿನ ನೀರೆಲ್ಲ ಮಸುಕಾಯಿತು. ಕೊನೆಯ ಮೆಟ್ಟಿಲಿಗೆ ಮರಳಿದ್ದ ಬ್ಯಾಂಡ್ ಮಾಸ್ಟರ್ ಬಲೆ ಎತ್ತಿದ. ದೊಡ್ಡದೊಂದು ಸಿಗಡಿ ಸಂಜೆ ಬಿಸಿಲಿಗೆ ಮಿಂಚಿ ಬಕೆಟ್ಟಿಗೆ ಬಿತ್ತು. ಇಬ್ಬರೂ ಅದನ್ನು ನೋಡಿದರು.

"ಎಂಥಾ ಸಿಗಡಿ," ಅಂದರು ಕಂಡಕ್ಟರ್, ಹೊಟ್ಟೆ ಉರಿಯಿಂದ.

"ಸುಮ್ನಿರಿ, ಮಾತಾಡಿದ್ರೆ ಕೆಮ್ಮು ಬರುತ್ತೆ," ಅಂದ ಗ್ಯಾಸ್ಕೆಟ್, ಮತ್ತು ಫ್ಲಾಸ್ಕ್ ತರದೆ ಬಂದದ್ದಕ್ಕೆ ತನ್ನನ್ನೇ ಬೈದುಕೊಂಡ.